ಸೂಡೊಮೊನಾಸ್ ಪ್ಯಾಕೆಟ್ ನಂಬಿ ಮೂರು ಎಕರೆ ತೊಗರಿ ಕಳೆದುಕೊಂಡೆ

ಈ ಮುಂಗಾರಿಗೆ ತೊಗರಿ ಬೀಜಕ್ಕೆ ಸೂಡೊಮೊನಾಸ್ (ರೋಗ ತಡೆಯುವ ಬ್ಯಾಕ್ಟೀರಿಯಾದ ಪುಡಿ) ಹಚ್ಚಿ ಬಿತ್ತಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ.

ನಮ್ಮದು ಕಲಬುರಗಿ ಕಡೆಯ ಎರೆ ಹೊಲ. ಹಿಂದಿನ ವರ್ಷವೇ ಅಲ್ಲಲ್ಲಿ ನೆಟೆ ರೋಗ, ಅಂದರೆ ಶಿಲೀಂಧ್ರದಿಂದ ಗಿಡ ಬಾಡಿ ಒಣಗುವ ರೋಗ, ಕಂಡಿತ್ತು. ಬೀಜೋಪಚಾರ ಮಾಡಿದರೆ ತಡೆಯುತ್ತದೆ ಅಂತ ಕೇಳಿ ಪ್ಯಾಕೆಟ್ ತರಲು ಹೋದೆ. ಜೂನ್ ಮೊದಲ ವಾರ, ಇನ್ನೂ ಮಳೆ ಬಂದಿರಲಿಲ್ಲ. ಅಂಗಡಿಯವರು ತಗಡಿನ ಚಪ್ಪರದ ಕೆಳಗೆ ಪೇರಿಸಿದ್ದ ರಾಶಿಯಿಂದ ಒಂದನ್ನು ಎತ್ತಿಕೊಟ್ಟರು. ಕೈಗೆ ಬಿಸಿ ತಾಗಿತು. ಕೇಳಿದ್ದಕ್ಕೆ, "ಪೌಡರ್ ಎಲ್ಲಿ ಕೆಡ್ತದ್ರಿ ಅಣ್ಣಾರ, ತಗೊಂಡು ಹೋಗ್ರಿ" ಅಂದರು. ತಗೊಂಡು ಬಂದೆ.

ಕೆಜಿ ಬೀಜಕ್ಕೆ 10 ಗ್ರಾಂ ಲೆಕ್ಕದಲ್ಲಿ, ಆರಿದ ಬೆಲ್ಲದ ಪಾಕದಲ್ಲಿ ಕಲಸಿ, ಬೇಗ ಒಣಗಲಿ ಅಂತ ತಾಡಪತ್ರಿಯ ಮೇಲೆ ಬಿಸಿಲಿಗೆ ಹರವಿದೆ. ಇದು ನನ್ನದೇ ತಪ್ಪು. ನೆರಳಲ್ಲಿ ಆರಿಸಿ ಅವತ್ತೇ ಬಿತ್ತಬೇಕಿತ್ತು.

ಹೂವು ಬರುವವರೆಗೆ ಹೊಲ ಕಣ್ಣಿಗೆ ಹಬ್ಬ. ಆಮೇಲೆ ಒಂದೊಂದೇ ಗಿಡ ನಿಂತಲ್ಲೇ ಬಾಡತೊಡಗಿತು. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ. ಒಂದು ಕಾಂಡ ಸೀಳಿ ನೋಡಿದೆ, ಒಳಗೆ ಕಪ್ಪು ಗೆರೆ ಉದ್ದಕ್ಕೂ ಹರಿದಿತ್ತು. ಕಾಯಿ ಕಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೊಲ ಒಣಗಿತ್ತು.

ಪರಿಚಯದ ಕೃಷಿ ವಿಜ್ಞಾನಿಯೊಬ್ಬರು ಬಂದು ನೋಡಿ ಮೊದಲು ಕೇಳಿದ್ದೇ, "ಪ್ಯಾಕೆಟ್ ಎಲ್ಲಿ ಇಟ್ಟಿದ್ರು?" ಅಂತ. ಸೂಡೊಮೊನಾಸ್ ಜೀವಂತ ಬ್ಯಾಕ್ಟೀರಿಯಾ. ಬೇರಿನ ಸುತ್ತ ಬೆಳೆದು, ಮಣ್ಣಿನ ಕಬ್ಬಿಣದ ಅಂಶ ಶಿಲೀಂಧ್ರಕ್ಕೆ ದಕ್ಕದಂತೆ ತಾನೇ ಹಿಡಿದುಕೊಳ್ಳುತ್ತದೆ, ಅದನ್ನು ಕೊಲ್ಲುವ ರಸವನ್ನೂ ಬಿಡುತ್ತದೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಕ ಕಟ್ಟಿಕೊಂಡು ಕಾವು ತಡೆದಾವು, ಸೂಡೊಮೊನಾಸ್‌ಗೆ ಆ ಕವಚವಿಲ್ಲ. ಬಿಸಿಲಿಗೆ ಸತ್ತರೆ ಉಳಿಯುವುದು ಅದನ್ನು ಬೆರೆಸಿಟ್ಟ ಬರೀ ಟಾಲ್ಕ್ ಕಲ್ಲಿನ ಪುಡಿ. ಬಣ್ಣ, ವಾಸನೆ ಯಾವುದರಿಂದಲೂ ಅದು ಗೊತ್ತಾಗುವುದಿಲ್ಲ.

ಅವರು ಇನ್ನೊಂದು ಮಾತನ್ನೂ ಹೇಳಿದರು. ನೆಟೆ ರೋಗದ ಶಿಲೀಂಧ್ರ ಕೂಳೆಯಲ್ಲಿ ಮೂರು ವರ್ಷದ ತನಕ ಬದುಕಿರುತ್ತದೆ, ಅಂಥ ಹೊಲಕ್ಕೆ ಜೀವಂತ ಪುಡಿಯೊಂದೇ ಸಾಲದು. ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ಬೇಕು, ನಡುವೆ ಜೋಳ ಹಾಕಿ ಬೆಳೆ ಬದಲಿಸಬೇಕು. ನಾನು ಮನೆಯ ಹಳೇ ಬೀಜವನ್ನೇ ಬಿತ್ತಿದ್ದೆ.

ಹಾಗಾಗಿ ತಯಾರಿಸಿದ ದಿನಾಂಕ, ಅವಧಿ, ನೋಂದಣಿ ಸಂಖ್ಯೆ, ಗ್ರಾಂಗೆ ಎಷ್ಟು ಜೀವಕೋಶ ಅನ್ನುವುದು ಅಚ್ಚಾಗಿರದ ಪ್ಯಾಕೆಟ್ ಮುಟ್ಟಬೇಡಿ. ಗ್ರಾಂಗೆ ಕನಿಷ್ಠ 10 ಕೋಟಿ ಇರಬೇಕು. ತಂಪಾದ ಜಾಗದಲ್ಲಿ ಇಟ್ಟವರ ಹತ್ತಿರವೇ ಕೊಳ್ಳಿ. ತಾಮ್ರದ ಔಷಧಿ, ಸ್ಟ್ರೆಪ್ಟೊಮೈಸಿನ್ ಜೊತೆ ಕಲಸಬೇಡಿ, ಅವು ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತವೆ.

ಬಿಲ್ಲು ಕೇಳಿ ಪಡೆಯಿರಿ, ಉಳಿದ ಪುಡಿಯನ್ನು ಪ್ಯಾಕೆಟ್ ಸಮೇತ ಬೆಳೆ ಕೊಯ್ದು ರಾಶಿ ಆಗುವವರೆಗೆ ತಂಪಲ್ಲಿ ಜೋಪಾನ ಮಾಡಿ. ನಾನು ದೂರು ಕೊಡಲು ಹೋದಾಗ ಮೊದಲು ಕೇಳಿದ್ದು ಬಿಲ್ಲು, ಬ್ಯಾಚ್ ನಂಬರ್. ಬಿಲ್ಲು ತಗೊಂಡಿರಲಿಲ್ಲ, ಪ್ಯಾಕೆಟ್ ಬಿತ್ತಿದ ದಿನವೇ ಬದುವಿನ ಮೇಲೆ ಎಸೆದಿದ್ದೆ.