ಇಂಗ್ಲಿಷ್ ಪದಗಳ ಬೇರು ಕಲಿಯಲು ಆಂಕಿಡ್ರಾಯ್ಡ್: ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯ

ಕನ್ನಡ ಮಾಧ್ಯಮದಲ್ಲಿ ಓದಿ ಲ್ಯಾಬ್ ಟೆಕ್ನಿಷಿಯನ್, ನರ್ಸಿಂಗ್, ಫಾರ್ಮಸಿ ಕೋರ್ಸಿಗೆ ಸೇರಿದವರು ಪ್ರಶ್ನೋತ್ತರದ ಕಾರ್ಡುಗಳಿಂದ ಪದ ನೆನಪಿಡಲು ನೆರವಾಗುವ ಆಂಕಿಡ್ರಾಯ್ಡ್ ಆ್ಯಪನ್ನು ಇಂದೇ ಹಾಕಿಕೊಳ್ಳಿ. ಒಂದೇ ಷರತ್ತು: ಕಾರ್ಡುಗಳನ್ನು ನೀವೇ ಬರೆಯಬೇಕು. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳನ್ನು ಇಳಿಸಿಕೊಂಡವರಲ್ಲಿ ಕೊನೆವರೆಗೂ ಓದಿದವರನ್ನು ನಾನಂತೂ ನೋಡಿಲ್ಲ.

ಆಂಕಿ ಎಂಬ ಪ್ರೋಗ್ರಾಂ ಶುರುವಾಗಿದ್ದು 2006ರಲ್ಲಿ. ಮಾಡಿದವರು ಡೇಮಿಯನ್ ಎಲ್ಮ್ಸ್. ಅದರ ಆಂಡ್ರಾಯ್ಡ್ ರೂಪವೇ ಆಂಕಿಡ್ರಾಯ್ಡ್. ಇದನ್ನು ಸ್ವಯಂಸೇವಕರು ನಡೆಸುತ್ತಾರೆ. ಪೂರ್ತಿ ಉಚಿತ, ಜಾಹೀರಾತಿನ ಕಾಟವಿಲ್ಲ. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ಉತ್ತರ ನೋಡಿದ ಮೇಲೆ ಎಷ್ಟು ನೆನಪಿತ್ತು ಎಂದು ಒಂದು ಬಟನ್ ಒತ್ತಬೇಕು. ಮರೆತದ್ದು ಬೇಗ ವಾಪಸ್ ಬರುತ್ತದೆ. ಚೆನ್ನಾಗಿ ಗೊತ್ತಿರುವುದು ವಾರ, ತಿಂಗಳು ಬಿಟ್ಟು ಬರುತ್ತದೆ. ಕಾರ್ಡಿನ ಹಿಂದೆ ಕನ್ನಡದಲ್ಲೇ ಬರೆಯಬಹುದು. ನನಗೆ ಇದೇ ದೊಡ್ಡ ಅನುಕೂಲ.

ನಾನು ಕೆಲಸ ಮಾಡುವುದು ರಕ್ತ, ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ. ಇಲ್ಲಿನ ಇಂಗ್ಲಿಷ್ ನೋಡಲು ಭಯ ಹುಟ್ಟಿಸುತ್ತದೆ, ಆದರೆ ಒಳಗೆ ತುಂಬ ಶಿಸ್ತಾಗಿದೆ. ಡೆಂಗಿ ಸೀಸನ್‌ನಲ್ಲಿ ದಿನವೂ ಕಿವಿಗೆ ಬೀಳುವ ಥ್ರಾಂಬೋಸೈಟೋಪೀನಿಯಾ ಎಂಬ ಪದವನ್ನೇ ತೆಗೆದುಕೊಳ್ಳಿ. ಥ್ರಾಂಬೋ ಎಂದರೆ ಹೆಪ್ಪು, ಸೈಟ್ ಎಂದರೆ ಕೋಶ, ಪೀನಿಯಾ ಎಂದರೆ ಕೊರತೆ. ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿವೆ, ಅಂದರೆ ಪ್ಲೇಟ್ಲೆಟ್ ಇಳಿದಿದೆ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರಬೇಕಾದದ್ದು ಅದಕ್ಕಿಂತ ಕೆಳಗೆ ಬಂದಿದೆ. ಇನ್ನು ಲ್ಯೂಕೋ ಎಂದರೆ ಬಿಳಿ ಎಂದು ಗೊತ್ತಾದರೆ ಲ್ಯೂಕೋಪೀನಿಯಾ ತಾನಾಗಿಯೇ ತಿಳಿಯುತ್ತದೆ. ಕೊನೆಗೆ ಪೀನಿಯಾ ಬದಲು ಓಸಿಸ್ ಬಂದು ಲ್ಯೂಕೋಸೈಟೋಸಿಸ್ ಆದರೆ ಬಿಳಿ ಕಣ ಜಾಸ್ತಿಯಾಗಿದೆ ಎಂದರ್ಥ. ಇಂಥ ನಾಲ್ಕೈದು ಬೇರು, ಅಂದರೆ ಪದದ ತುಂಡು, ಕಲಿತರೆ ಹತ್ತಾರು ಪದ ಕೈಗೆ ಬರುತ್ತವೆ. ಈಮಿಯಾ ಎಂದು ಮುಗಿದರೆ ರಕ್ತದ ವಿಷಯ, ಯೂರಿಯಾ ಎಂದು ಮುಗಿದರೆ ಮೂತ್ರದ ವಿಷಯ. ಆದರೆ ಬರೀ ಯೂರಿಯಾ ಎಂದಿದ್ದರೆ ಅದು ಬೇರೆ, ಅದೊಂದು ರಾಸಾಯನಿಕ. ಇದಕ್ಕೂ ಒಂದು ಕಾರ್ಡ್ ಬೇಕು.

ಹೈಪರ್ ಮತ್ತು ಹೈಪೋ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಏರಿರುವುದು, ಹೈಪೋಗ್ಲೈಸೀಮಿಯಾ ಎಂದರೆ ಇಳಿದಿರುವುದು. ಫೋನಿನಲ್ಲಿ ಅವಸರದಿಂದ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಕೊಡುವ ಚಿಕಿತ್ಸೆ ಪೂರ್ತಿ ಉಲ್ಟಾ. ಇಂಥ ಜೋಡಿಗಳಿಗೆ ಹೈಪೋ ಎಂದರೇನು ಎಂಬ ಬರೀ ಅರ್ಥದ ಕಾರ್ಡ್ ಸಾಲದು. ನಾನು ಸನ್ನಿವೇಶವನ್ನೇ ಬರೆಯುತ್ತೇನೆ: ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟವರು ಬೆವರಿ ನಡುಗುತ್ತಿದ್ದಾರೆ, ರಿಪೋರ್ಟಿನಲ್ಲಿ ಯಾವ ಪದ ಇರಬಹುದು? ಉತ್ತರ ಹೈಪೋಗ್ಲೈಸೀಮಿಯಾ. ಹೀಗೆ ಕೇಳಿದಾಗ ತಲೆ ಕೆಲಸ ಮಾಡಲೇಬೇಕು.

ಬೇರು ಗೊತ್ತಿದ್ದರೆ ಇಂಗ್ಲಿಷೆಲ್ಲ ಬಂದ ಹಾಗೆ ಎಂದು ಕೆಲವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಒಂದೇ ಥರ ಕಾಣುವ ಬೇರುಗಳ ಅರ್ಥ ಬೇರೆ ಇರಬಹುದು. ಮಕ್ಕಳ ಚಿಕಿತ್ಸೆಯ ಪೀಡಿಯಾಟ್ರಿಕ್ಸ್ ಪದದಲ್ಲಿರುವುದು ಮಗು ಎಂಬ ಅರ್ಥದ ಗ್ರೀಕ್ ಬೇರು. ಪೆಡಲ್, ಪೆಡಿಕ್ಯೂರ್ ಪದಗಳಲ್ಲಿರುವುದು ಕಾಲು ಎಂಬ ಅರ್ಥದ ಲ್ಯಾಟಿನ್ ಬೇರು. ಮೂಳೆಗೆ ಸಂಬಂಧಿಸಿದ ಆರ್ಥೋಪೀಡಿಕ್ಸ್ ಎಂಬ ಪದದಲ್ಲೂ ಮಗುವೇ ಇದೆ! 1741ರಲ್ಲಿ ಫ್ರೆಂಚ್ ವೈದ್ಯ ನಿಕೋಲಾ ಆಂಡ್ರಿ ಆ ಪದ ಕಟ್ಟಿದ್ದು ಮಕ್ಕಳ ಮೈಯ ಸೊಟ್ಟ ತಿದ್ದುವ ವಿದ್ಯೆಗೆ. ಈಗ ಅಜ್ಜಿಯ ಮಂಡಿ ನೋವಿಗೂ ಅಲ್ಲಿಗೇ ಹೋಗುತ್ತೇವೆ. ಸಂಸ್ಕೃತದ ಉಪಸರ್ಗ ಓದಿದವರಿಗೆ ಇದು ಹೊಸದಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ ಎಲ್ಲಕ್ಕೂ ಧಾತು ಒಂದೇ, ಆದರೆ ತುಂಡುಗಳ ಅರ್ಥ ಕೂಡಿಸಿ ಆ ಪದಗಳ ಅರ್ಥ ಹೇಳಲು ಆಗುವುದಿಲ್ಲ ಅಲ್ವಾ? ಹಾಗಾಗಿ ಬೇರಿನಿಂದ ಊಹಿಸಿ, ಆಮೇಲೆ ನಿಘಂಟು ನೋಡಿ, ಅದಾದ ಮೇಲೇ ಕಾರ್ಡ್ ಬರೆಯಿರಿ. ವೈದ್ಯಕೀಯ ಪದಗಳಲ್ಲಿ ಊಹೆ ಸರಿಯಾಗುವುದೇ ಜಾಸ್ತಿ. ಪತ್ರಿಕೆಯ ಇಂಗ್ಲಿಷಿನಲ್ಲಿ ಅಷ್ಟು ನಂಬುವ ಹಾಗಿಲ್ಲ.

ಒಂದು ಅಂಗಕ್ಕೆ ಎರಡೆರಡು ಬೇರು ಇರುವುದೂ ಹೊಸಬರನ್ನು ಕಾಡುತ್ತದೆ. ಮೂತ್ರಪಿಂಡಕ್ಕೆ ಗ್ರೀಕಿನ ನೆಫ್ರ್, ಲ್ಯಾಟಿನ್ನಿನ ರೀನ್. ಶ್ವಾಸಕೋಶಕ್ಕೆ ನ್ಯುಮೋನ್ ಮತ್ತು ಪಲ್ಮೋನ್. ಇಂಥವನ್ನು ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಬರೆದಿಟ್ಟರೆ ಗೊಂದಲ ಬೇಗ ಹೋಗುತ್ತದೆ.

ಆ್ಯಪಿನ ತೊಂದರೆಗಳನ್ನೂ ಹೇಳಬೇಕು. ಮೊದಲ ವಾರ ಸೆಟ್ಟಿಂಗ್ಸ್ ನೋಡಿದರೆ ತಲೆ ತಿರುಗುತ್ತದೆ. ಒಂದನ್ನು ಮಾತ್ರ ಬದಲಿಸಿ: ದಿನಕ್ಕೆ 20 ಹೊಸ ಕಾರ್ಡ್ ಎಂದು ಇರುವುದನ್ನು 5ಕ್ಕೆ ಇಳಿಸಿ. ಕೆಲಸದ ಜೊತೆ ಓದುವವರಿಗೆ 20 ತುಂಬ ಜಾಸ್ತಿ. ದಸರಾಕ್ಕೆ ಊರಿಗೆ ಹೋಗಿ ಬಂದರೆ ಬಾಕಿ ಕಾರ್ಡುಗಳು ರಾಶಿ ಬಿದ್ದಿರುತ್ತವೆ. ಆಗ ಹೊಸದನ್ನು ಸೊನ್ನೆ ಮಾಡಿ, ಹಳೆಯದನ್ನು ದಿನಕ್ಕಿಷ್ಟು ಎಂದು ಮುಗಿಸುವುದೊಂದೇ ದಾರಿ. ಪದೇಪದೇ ಮರೆಯುವ ಕಾರ್ಡಿಗೆ ಆ್ಯಪ್ ತಾನೇ ಗುರುತು ಹಾಕಿಡುತ್ತದೆ. ಇದು ನನಗೆ ಬಹಳ ಇಷ್ಟ. ಅಂಥ ಕಾರ್ಡನ್ನು ಮತ್ತೆ ಅದೇ ರೂಪದಲ್ಲಿ ಉರು ಹೊಡೆಯಬೇಡಿ, ಬೇರೆ ಉದಾಹರಣೆ ಹಾಕಿ ಹೊಸದಾಗಿ ಬರೆಯಿರಿ. ಐಫೋನಿನ ಅಧಿಕೃತ ಆ್ಯಪ್‌ಗೆ ಮಾತ್ರ ದುಡ್ಡು ಕೊಡಬೇಕು, ವಿದ್ಯಾರ್ಥಿಗಳಿಗೆ ಅದು ಭಾರವೇ. ಅದೇ ಹೆಸರು ಹೋಲುವ ಬೇರೆ ಆ್ಯಪ್‌ಗಳೂ ಇವೆ, ಸರಿಯಾಗಿ ನೋಡಿ ಹಾಕಿಕೊಳ್ಳಿ.

ಈಗ ಫಾರ್ಮಸಿಯಲ್ಲಿರುವ ಗೆಳತಿಯ ಜೊತೆ ಔಷಧಿ ಹೆಸರುಗಳ ಕಾರ್ಡ್ ಮಾಡುತ್ತಿದ್ದೇನೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎರಡರ ಬಾಲವೂ ಒಲಾಲ್, ಎರಡೂ ಬೀಟಾ ಬ್ಲಾಕರ್, ಅಂದರೆ ಹೃದಯ ಬಡಿತ, ರಕ್ತದೊತ್ತಡ ಇಳಿಸುವ ಔಷಧಿ. ಪ್ರಿಲ್, ಸಾರ್ಟನ್, ವಾಸ್ಟಾಟಿನ್ ಕೂಡ ಇಂಥ ಬಾಲಗಳೇ, ಒಂದೊಂದೂ ಒಂದೊಂದು ಔಷಧಿ ಗುಂಪಿನದು. ಈ ಬಾಲಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಪಟ್ಟಿ ಮಾಡಿ ಇಟ್ಟಿದೆ. ಪೀಡಿಯಾಟ್ರಿಕ್ಸ್, ಪೆಡಲ್‌ನಂಥ ಗೊಂದಲ ಇಲ್ಲಿ ಕಡಿಮೆ, ಹಾಗಾಗಿ ಕೆಲಸ ಬೇಗ ಸಾಗುತ್ತಿದೆ.