ಟ್ರ್ಯಾಕ್ಸ್ ಎಂಜಿನ್ನಿನ ಬೆಂಜ್: ಹುಬ್ಬಳ್ಳಿಯಲ್ಲಿ 240ಡಿ ಸಾಕಿದ ಅನುಭವ

ಹಳೇ ಡೀಸೆಲ್ ಬೆಂಜ್ ತಗೋಬೇಕು ಅನ್ನುವವರು ಮೊದಲು ಕೇಳೋದೇ ಎಂಜಿನ್ ಹೇಗಿದೆ ಅಂತ. ಬೆಂಜ್‌ನ ಡಬ್ಲ್ಯು123 ಸರಣಿಯ 240ಡಿ ಕಾರಿನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನನ್ನದು 1983ರ ಗಾಡಿ. ನಾಲ್ಕು ಗೇರು, ಬಲಗಡೆ ಸ್ಟೀರಿಂಗ್. ಕೊಂಡು ಹತ್ತು ವರ್ಷದ ಮೇಲಾಯಿತು, ಈಗಲೂ ವಾರಕ್ಕೆ ಎರಡು ಮೂರು ಸಲ ರಸ್ತೆಗೆ ಇಳಿಯುತ್ತದೆ. ಇಷ್ಟು ದಿನದಲ್ಲಿ ನನ್ನ ನಿದ್ದೆಗೆಡಿಸಿದ್ದು ಎಂಜಿನ್ ಅಲ್ಲ, ರಬ್ಬರು.

ಬಾನೆಟ್ ಎತ್ತಿದರೆ ಕಾಣುವುದು ಓಎಂ616 ಎಂಬ ಡೀಸೆಲ್ ಎಂಜಿನ್. 2,399 ಸಿಸಿ, ನಾಲ್ಕು ಸಿಲಿಂಡರು, 72 ಅಶ್ವಶಕ್ತಿ. ಟರ್ಬೊ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಅಂತೂ ಇಲ್ಲವೇ ಇಲ್ಲ. 1980ರ ದಶಕದಲ್ಲಿ ಪುಣೆಯ ಬಜಾಜ್ ಟೆಂಪೊ ಇದೇ ಎಂಜಿನ್ನಿಗೆ ಡೈಮ್ಲರ್-ಬೆಂಜ್‌ನಿಂದ ಲೈಸೆನ್ಸ್ ಪಡೆದು ಟ್ರಾವೆಲರ್ ವ್ಯಾನಿಗೂ ಟ್ರ್ಯಾಕ್ಸ್ ಜೀಪಿಗೂ ಕೂರಿಸಿತು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟಾರ್ಸ್ ಆಯಿತು, ಎಂಜಿನ್ ಮುಂದುವರಿಯಿತು. ಗಜೇಂದ್ರಗಡ, ಕುಷ್ಟಗಿ, ಸಿಂದಗಿ ಕಡೆ ಒಳಗೆ ಹಿಡಿಸಲಾರದಷ್ಟು ಜನ, ಮೇಲೆ ಮೂಟೆ, ಹಿಂದೆ ಜೋತುಬಿದ್ದ ಹುಡುಗರು, ಇಷ್ಟನ್ನೂ ಹೊತ್ತು ಓಡುವ ಟ್ರ್ಯಾಕ್ಸ್ ಕ್ರೂಸರ್‌ಗಳನ್ನು ನೋಡಿದವರಿಗೆ ಇದರ ತಾಳಿಕೆಗೆ ಬೇರೆ ಸಾಕ್ಷಿ ಬೇಡ.

ಹಾಗಾಗಿ ನನ್ನ ಬೆಂಜ್ ನೋಡಿಕೊಳ್ಳುವುದು ಟ್ರ್ಯಾಕ್ಸ್ ಮೇಸ್ತ್ರಿ. ಫಿಲ್ಟರ್, ಹೀಟರ್ ಪ್ಲಗ್, ರಿಂಗ್ ಸೆಟ್, ಹೆಡ್ ಗ್ಯಾಸ್ಕೆಟ್ ಇಂಥವಕ್ಕೆ ಹುಬ್ಬಳ್ಳಿ ದಾಟಿ ಹೋಗಬೇಕಾಗಿಲ್ಲ. ಹಳೆಯದನ್ನು ಬಿಚ್ಚಿ ಹೊಸದರ ಪಕ್ಕ ಇಟ್ಟು ಅಳತೆ ತಾಳೆ ನೋಡಿ ಹಾಕಬೇಕು, ಅಷ್ಟೇ. ಆಯಿಲ್ ಸಂಪ್, ಎಂಜಿನ್ ಮೌಂಟ್, ಮ್ಯಾನಿಫೋಲ್ಡ್ ಮಾತ್ರ ಬೇರೆ. ಕಾರಿಗೂ ಜೀಪಿಗೂ ಜಾಗದ ಲೆಕ್ಕವೇ ಬೇರೆಯಲ್ಲವೇ. ಪಂಪು, ನಾಝಲ್ ಕೆಲಸಕ್ಕೂ ಯೋಚನೆಯಿಲ್ಲ. ಮೈಕೋ (ಬಾಷ್) ಡೀಸೆಲ್ ಪಂಪು ಬಿಚ್ಚಿ ಕೈ ಪಳಗಿದವರು ನಮ್ಮ ಜಿಲ್ಲಾ ಕೇಂದ್ರಗಳಲ್ಲೆಲ್ಲ ಇದ್ದಾರೆ.

ಮೇಸ್ತ್ರಿ ಮೇಲೆ ನಿಂತು ಮಾಡಿಸಬೇಕಾದ ಕೆಲಸ ಎರಡೇ. ಒಂದು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಪೂರ್ತಿ ಮುಚ್ಚಲೆಂದು ಬಿಡುವ ಕೂದಲೆಳೆಯ ಸಂದು. ಇದರಲ್ಲಿ ತಾನೇ ಹೊಂದಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಲ್ಲ, ಇಪ್ಪತ್ತು ಇಪ್ಪತ್ತೈದು ಸಾವಿರ ಕಿಲೋಮೀಟರಿಗೊಮ್ಮೆ ಕೈಯಾರೆ ಹೊಂದಿಸಬೇಕು. ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ವಾಲ್ವ್ ಸೀಟ್ ಸವೆದಂತೆ ಈ ಎಂಜಿನ್ನಲ್ಲಿ ಗ್ಯಾಪ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಆದ್ದರಿಂದ ಟಕ ಟಕ ಸದ್ದು ಬಂದು ಎಚ್ಚರಿಸುವುದಿಲ್ಲ. ಸದ್ದಿಲ್ಲದೆ ಕಂಪ್ರೆಷನ್ ಇಳಿದು, ಒಂದು ದಿನ ಬೆಳಗಿನ ಚಳಿಗೆ ಸ್ಟಾರ್ಟೇ ಆಗುವುದಿಲ್ಲ. ಜನ ಬ್ಯಾಟರಿ ಬದಲಿಸುತ್ತಾರೆ, ಪ್ಲಗ್ ಬದಲಿಸುತ್ತಾರೆ, ಕಡೆಗೆ ಸಿಲಿಂಡರ್ ಬೋರಿಂಗ್ ಮಾಡಿಸಲು ಹೊರಡುತ್ತಾರೆ. ಮೊದಲು ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದು ನೋಡಿ. ಇನ್ನೊಂದು ಪಂಪ್ ಟೈಮಿಂಗ್. ಚೈನ್ ಹಿಗ್ಗಿದಂತೆ ಡೀಸೆಲ್ ಹೊಡೆಯುವುದು ತಡವಾಗುತ್ತದೆ. ಪುಸ್ತಕದ ಪ್ರಕಾರ ಅದು ಟಿಡಿಸಿಗಿಂತ, ಅಂದರೆ ಪಿಸ್ಟನ್ ತೀರಾ ಮೇಲೆ ಬರುವ ಬಿಂದುವಿಗಿಂತ, 24 ಡಿಗ್ರಿ ಮುಂಚೆ. ನಮ್ಮ ಮೇಸ್ತ್ರಿಗೆ ಕಿವಿಯ ಮೇಲೇ ಭರವಸೆ. ನಾನು ಪಂಪಿನಿಂದ ಜಿನುಗುವ ಡೀಸೆಲ್ ಹನಿ ಎಣಿಸಿ ಟೈಮಿಂಗ್ ನೋಡುವವರೆಗೆ ಬಿಡುವುದಿಲ್ಲ.

ಇನ್ನು ರಬ್ಬರಿನ ಕಥೆ. ಕೀ ತಿರುಗಿಸಿದರೆ ಈ ಕಾರು ಬಂದ್ ಆಗುವುದು ಕರೆಂಟಿನಿಂದಲ್ಲ, ವ್ಯಾಕ್ಯೂಮಿನಿಂದ. ಗಾಳಿ ಹೀರುವ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನ ಸೆಳೆತ ಕೀ ಹಿಂದಿನ ವಾಲ್ವ್ ಹಾಯ್ದು ಹೋಗಿ, ಡೀಸೆಲ್ ಪಂಪಿನಲ್ಲಿ ಡೀಸೆಲ್ ಅಳತೆ ನಿಯಂತ್ರಿಸುವ ರ್‍ಯಾಕ್ ಎಳೆಯುತ್ತದೆ. ಅದೇ ವ್ಯಾಕ್ಯೂಮ್ ಪಂಪಿನ ಮೇಲೆ ಬ್ರೇಕ್ ಬೂಸ್ಟರು, ಸೆಂಟ್ರಲ್ ಲಾಕ್ ಇದ್ದರೆ ಅದೂ ನಿಂತಿದೆ. ಎಲ್ಲೋ ಬಾಗಿಲೊಳಗಿನ ಒಂದು ರಬ್ಬರ್ ಜೋಡಣೆ ಸೀಳಿದರೆ ಇತ್ತ ಕೀ ಕೈಯಲ್ಲಿದ್ದರೂ ಎಂಜಿನ್ ಆರಾಮವಾಗಿ ಓಡುತ್ತಲೇ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಇಳಿದು ಬಾನೆಟ್ ತೆಗೆದು, ಎಂಜಿನ್ ಮೇಲಿನ ‘ಸ್ಟಾಪ್’ ಎಂದು ಬರೆದ ಲಿವರ್ ಒತ್ತಿದರೆ ಸುತ್ತಲಿನವರು ನಗುತ್ತಾರೆ, ನಗಲಿ. ಆದರೆ ಬೂಸ್ಟರ್ ಕಡೆ ಸೋರಿದರೆ ನಗುವ ಮಾತಲ್ಲ. ಗೇಜ್ ಇರುವ ಚಿಕ್ಕ ಕೈಪಂಪ್ ಒಂದು ತಗೊಳ್ಳಿ. ಒಂದೊಂದೇ ನಳಿಗೆ ಕಟ್ಟಿ ಪರೀಕ್ಷಿಸಿದರೆ ಸೋರಿಕೆ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ.

ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ರಬ್ಬರ್ ಡಿಸ್ಕು, ನಡುವಿನ ಬೇರಿಂಗಿನ ರಬ್ಬರು, ಎಂಜಿನ್ ಮೌಂಟು ಸವೆದರೆ ಈ ಕಾರಿನ ಗಾಂಭೀರ್ಯವೆಲ್ಲ ಮಣ್ಣುಪಾಲಾಗಿ, ಹಳೇ ಟ್ರ್ಯಾಕ್ಟರಿನ ಹಾಗೆ ನಡುಗುತ್ತದೆ. ಇವು ಟ್ರ್ಯಾಕ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಥಳೀಯವಾಗಿ ಅಚ್ಚು ಹಾಕಿಸಿದ ಬುಶ್ಶುಗಳು ಒಂದು ಬೇಸಿಗೆ ದಾಟಿದರೆ ಹೆಚ್ಚು. ಜರ್ಮನಿಯಿಂದ ತರಿಸುವುದೇ ಲೇಸು. ಮರ್ಸಿಡಿಸ್‌ನವರು ಹಳೇ ಗಾಡಿಗಳ ಬಿಡಿಭಾಗ ಈಗಲೂ ಕೊಡುತ್ತಾರೆ. ಅಂಚೆ, ಕಸ್ಟಮ್ಸ್ ಸೇರಿದಾಗ ಬಿಲ್ಲು ಎದೆಗೆ ಬಡಿಯುತ್ತದೆ ಅನ್ನುವುದೂ ನಿಜ. ನನ್ನ ಅಂದಾಜಿಗೆ ಈ ಕಾರಿಗೆ ಸುರಿದ ದುಡ್ಡಿನಲ್ಲಿ ಎಂಜಿನ್ ಪಾಲು ಕಾಲು ಭಾಗವೂ ಇಲ್ಲ.

ತುಕ್ಕಿನ ವಿಚಾರಕ್ಕೆ ಬಯಲುಸೀಮೆಯವರು ಪುಣ್ಯವಂತರು. ಕರಾವಳಿಯ ಗಾಡಿಯಾದರೆ ಜಾಕ್ ಕೊಡುವ ಜಾಗ, ಬ್ಯಾಟರಿ ತಟ್ಟೆಯ ಕೆಳಗೆ, ಹಿಂದಿನ ಗಾಜಿನ ರಬ್ಬರಿನ ಅಂಚು, ಡಿಕ್ಕಿಯ ತಳ ಇವನ್ನು ಬೆರಳಲ್ಲಿ ಒತ್ತಿ ನೋಡದೆ ಮುಂಗಡ ಕೊಡಬೇಡಿ. ಹೊಸ ಪೇಂಟ್ ಹೊಳೆಯುತ್ತಿದ್ದರೆ ಇನ್ನೂ ಅನುಮಾನಿಸಿ.

ಗ್ರೀಸ್‌ನ ಒಬ್ಬ ಟ್ಯಾಕ್ಸಿಯವನ 240ಡಿ 46 ಲಕ್ಷ ಕಿಲೋಮೀಟರ್ ಓಡಿ ಕಂಪನಿಯ ಮ್ಯೂಸಿಯಂ ಸೇರಿದ ಕಥೆಯನ್ನು ಮಾರುವವರೆಲ್ಲ ಹೇಳುತ್ತಾರೆ. ಅದು ಇದಕ್ಕಿಂತ ಹಿಂದಿನ ಮಾದರಿ, ಆತ ಎಂಜಿನ್ನುಗಳನ್ನು ಬದಲಿಸಿ ಬದಲಿಸಿ ಓಡಿಸಿದ. ಅದನ್ನು ಯಾರೂ ಹೇಳುವುದಿಲ್ಲ!

ಓಡಿಸುವುದು ಹೇಗೆ? ನಿಧಾನ. ಸೊನ್ನೆಯಿಂದ ನೂರಕ್ಕೆ ಕಂಪನಿಯ ಲೆಕ್ಕದಲ್ಲೇ ಸುಮಾರು 22 ಸೆಕೆಂಡು. ಎಂಬತ್ತರಲ್ಲಿ ಅಂಕೋಲಾ ರಸ್ತೆಯಲ್ಲಿ ಬಿಟ್ಟರೆ ಸೀಟು, ಸಸ್ಪೆನ್ಷನ್ ಎರಡೂ ಇಂದಿನ ದುಬಾರಿ ಕಾರುಗಳನ್ನು ನಾಚಿಸುತ್ತವೆ. ಆದರೆ ಅರಬೈಲ್ ಘಾಟಿ ಹತ್ತುವಾಗ ಎಸಿ ಹಾಕಿದರೆ ಲಾರಿಗಳ ಹಿಂದೆಯೇ ಸಂಸಾರ. ಹೆದ್ದಾರಿಯಲ್ಲಿ ಲೀಟರಿಗೆ ಹತ್ತು ಹನ್ನೊಂದು ಕೊಡುತ್ತದೆ.

ಕಾಗದಪತ್ರದ ವಿಷಯ ಒಂದಿದೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ. ಇಪ್ಪತ್ತು ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅದರ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತು, ಹಸಿರು ತೆರಿಗೆ ಬೇರೆ. ಐವತ್ತು ತುಂಬಿದರೆ ವಿಂಟೇಜ್ ನೋಂದಣಿ ಸಿಗುತ್ತದೆ, ಡಬ್ಲ್ಯು123ರ 1976ರ ಮೊದಲ ಗಾಡಿಗಳಿಗೆ 2026ರಲ್ಲಿ ಆ ಯೋಗ. ನನ್ನದಕ್ಕೆ 2033. ಆಗಲೂ ನಾನು ಅರ್ಜಿ ಹಾಕುವುದು ಅನುಮಾನ. ಆ ಪ್ಲೇಟ್ ಹಾಕಿಕೊಂಡರೆ ದಿನಬಳಕೆಗೆ ರಸ್ತೆಗೆ ತರುವಂತಿಲ್ಲ, ಸಂತೆಗೆ ಹೋಗಲಾರದ ಕಾರು ನನಗೇಕೆ?