ಮಂಡಿಪೇಟೆಯ ಬಾಕ್ಸ್ ಅಂಗಡಿ: ಹತ್ತೇ ಸಾಕು ಅಂದರೂ ಕೊಡುತ್ತಾರೆ

ನಾನು ಮತ್ತು ನಮ್ಮ ಅತ್ತಿಗೆ ತುಮಕೂರಿನ ಮನೆಯಲ್ಲೇ ಚಟ್ನಿಪುಡಿ, ಹುಣಸೆ ತೊಕ್ಕು ಮಾಡಿ ಆನ್‌ಲೈನಲ್ಲಿ ಮಾರುತ್ತೇವೆ. ತಿಂಗಳಿಗೆ ನಲವತ್ತೋ ಐವತ್ತೋ ಪಾರ್ಸೆಲ್, ಹಬ್ಬ ಬಂದರೆ ಸ್ವಲ್ಪ ಜಾಸ್ತಿ. ಪುಡಿ ಮಾಡುವುದಕ್ಕಿಂತ ಅದನ್ನು ಕಳಿಸುವ ರಟ್ಟಿನ ಬಾಕ್ಸ್ ಹುಡುಕುವುದೇ ದೊಡ್ಡ ಫಜೀತಿ ಅಂತ ಶುರು ಮಾಡಿದಾಗ ಗೊತ್ತಿರಲಿಲ್ಲ.

ಮೊದಲು ಅಂತರಸನಹಳ್ಳಿ ಕಡೆ ಒಂದು ಫ್ಯಾಕ್ಟರಿಗೆ ಹೋದೆವು. ಬಾಕ್ಸಿಗೆ 4 ರೂಪಾಯಿ ಅಂದರು, ಖುಷಿಯಾಯಿತು. ಒಂದೇ ಸೈಜಿನಲ್ಲಿ 1000 ತಗೋಬೇಕು ಅಂದರು, ಖುಷಿ ಇಳಿಯಿತು. ಅವರ ತಪ್ಪೂ ಇಲ್ಲ ಬಿಡಿ. ಸೈಜ್ ಬದಲಾದಾಗಲೆಲ್ಲ ಮಷೀನ್ ನಿಲ್ಲಿಸಿ ಮತ್ತೆ ಸೆಟ್ ಮಾಡಬೇಕು, ನಮ್ಮ 50 ಬಾಕ್ಸಿಗೆ ಅಷ್ಟೆಲ್ಲ ಮಾಡಿದರೆ ಏನು ಗಿಟ್ಟುತ್ತದೆ? ಆಮೇಲೆ ಸ್ವಲ್ಪ ದಿನ ಕಿರಾಣಿ ಅಂಗಡಿಯ ಹಳೇ ಬಾಕ್ಸ್‌ಗಳಲ್ಲೇ ಕಳಿಸಿದೆವು. ಪುಡಿ ಸೋಪಿನ ವಾಸನೆ ಬರುತ್ತಿದೆ ಅಂತ ಹುಬ್ಬಳ್ಳಿಯಿಂದ ಫೋನ್ ಬಂತು. ಅಲ್ಲಿಗೆ ಅದೂ ಮುಗಿಯಿತು. ಆನ್‌ಲೈನಲ್ಲಿ 25ರ ಕಟ್ಟು ಸಿಗುತ್ತದೆ, ಆದರೆ ಒಂದಕ್ಕೆ 11 ರೂಪಾಯಿ ಬಿತ್ತು, ಬಂದದ್ದರಲ್ಲಿ ನಾಲ್ಕು ನಜ್ಜುಗುಜ್ಜು.

ಈ ಅಂಗಡಿ ತೋರಿಸಿದ್ದು ನಮ್ಮ ಏರಿಯಾದ ಬೇಕರಿಯವರು. ಮಂಡಿಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ, ಬೋರ್ಡ್ ಸರಿಯಾಗಿ ಕಾಣಿಸುವುದಿಲ್ಲ, ಬಾಗಿಲ ತನಕ ರಟ್ಟು ಪೇರಿಸಿರುತ್ತಾರೆ, ಅದೇ ಗುರುತು. ಹತ್ತು ಬಾಕ್ಸ್ ಕೇಳಿದರೂ ಮುಖ ಸಿಂಡರಿಸುವುದಿಲ್ಲ. 25 ತಗೊಂಡರೆ ಒಂದಕ್ಕೆ 7 ರೂಪಾಯಿ, ಬಿಡಿ ಬಿಡಿಯಾಗಿ ತಗೊಂಡರೆ 8. ಫ್ಯಾಕ್ಟರಿ ರೇಟಿಗೆ ಹೋಲಿಸಿದರೆ ಜಾಸ್ತಿನೇ. ಆದರೂ ನಾನು ಯಾಕೆ ಅಲ್ಲಿಗೇ ಹೋಗುತ್ತೇನೆ ಅಂದರೆ, ಅಲ್ಲಿನ ಯಜಮಾನರು ಬಾಕ್ಸ್ ಮಾರುವ ಮೊದಲು ಒಳಗೆ ಏನು ಇಡುತ್ತೀರಿ ಅಂತ ಕೇಳುತ್ತಾರೆ.

ಮೊದಲ ಸಲ ನಾನು 10-8-6 ಇಂಚಿನದ್ದು ಕೇಳಿದ್ದೆ, ದೊಡ್ಡದಿದ್ದರೆ ಎಲ್ಲದಕ್ಕೂ ಆಗುತ್ತೆ ಅಂತ. "ಏನಮ್ಮಾ ಹಾಕ್ತೀಯ ಇದ್ರೊಳಗೆ?" ಅಂದರು. 200 ಗ್ರಾಂನ ಎರಡು ಪ್ಯಾಕೆಟ್ ಚಟ್ನಿಪುಡಿ ಅಂದೆ. "ಕೊರಿಯರ್‌ನೋರಿಗೆ ಗಾಳಿ ತೂಕಕ್ಕೆ ದುಡ್ಡು ಕೊಡ್ತೀಯ ಕಣಮ್ಮ" ಅಂತ ಕ್ಯಾಲ್ಕುಲೇಟರ್ ಎಳೆದುಕೊಂಡರು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಬಾಕ್ಸಿನ ಲೆಕ್ಕದ ತೂಕ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಕೊರಿಯರ್ ಚಾರ್ಜ್. ನಾನು ಕೇಳಿದ ಬಾಕ್ಸ್ ಒಂದೂವರೆ ಕೆ.ಜಿ. ದಾಟಿತು, ಒಳಗಿನ ಸಾಮಾನು ಅರ್ಧ ಕೆ.ಜಿ.ಯೂ ಇಲ್ಲ! 8-6-4ರದ್ದೂ 630 ಗ್ರಾಂ ಆಗುತ್ತದೆ, ಅಂದರೆ ಕೊರಿಯರ್‌ನವರ ಅರ್ಧ ಕೆ.ಜಿ. ಸ್ಲ್ಯಾಬ್ (ಒಂದೇ ಚಾರ್ಜ್ ಇರುವ ತೂಕದ ಮಿತಿ) ದಾಟಿತು. 7-5-4ರದ್ದು ಸುಮಾರು 460 ಗ್ರಾಂ, ಸರಿಹೋಯಿತು. ಬಾಕ್ಸಿನಲ್ಲಿ ಒಂದೆರಡು ರೂಪಾಯಿ ಉಳಿಸಲು ಊರೆಲ್ಲ ಸುತ್ತಿದ ನಾವು ಪ್ರತಿ ಪಾರ್ಸೆಲ್‌ಗೂ ಕೊರಿಯರ್‌ನಲ್ಲಿ ಎಷ್ಟು ಕಳೆದುಕೊಂಡಿದ್ದೆವೋ, ಅವತ್ತು ರಾತ್ರಿ ಲೆಕ್ಕ ಹಾಕುವುದಕ್ಕೇ ಅತ್ತಿಗೆ ಬಿಡಲಿಲ್ಲ.

ತೊಕ್ಕು ಗಾಜಿನ ಬಾಟಲಿಯಲ್ಲಿ ಹೋಗುತ್ತದೆ, ಅದಕ್ಕೆ 3 ಪ್ಲೈ ಸಾಲದು. ಎರಡು ಚಪ್ಪಟೆ ಹಾಳೆಯ ಮಧ್ಯೆ ಒಂದು ಅಲೆ ಹಾಳೆ ಇದ್ದರೆ 3 ಪ್ಲೈ, ಮೂರು ಚಪ್ಪಟೆ ಎರಡು ಅಲೆ ಇದ್ದರೆ 5 ಪ್ಲೈ. ಬಾಕ್ಸ್ ನಿಲ್ಲಿಸಿದಾಗ ಪಕ್ಕದ ಗೋಡೆಯಲ್ಲಿ ಆ ಅಲೆಗಳು ಮೇಲಿಂದ ಕೆಳಕ್ಕೆ ಕಂಬದ ಥರ ನಿಂತಿರಬೇಕು, ಆಗಲೇ ಮೇಲೆ ಭಾರ ಬಿದ್ದರೂ ತಡೆಯುತ್ತದೆ ಅಂತ ಅವರೇ ಒಂದನ್ನು ಹರಿದು ತೋರಿಸಿದರು. ಸಂದಿಗೆ ತುಂಬಲು ನಾವು ತೆಂಗಿನ ನಾರು ಹಾಕುತ್ತಿದ್ದೆವು, ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ, ಅಲ್ವಾ? ಪಾರ್ಸೆಲ್ ಬಿಚ್ಚಿದರೆ ಹಕ್ಕಿ ಗೂಡು ಬಂದಂತಿದೆ ಅಂತ ಒಬ್ಬರು ಫೋಟೋ ಕಳಿಸಿದರು, ಬಾಟಲಿಯ ಮೈಗೆಲ್ಲ ನಾರಿನ ಪುಡಿ. ಈಗ ಹಳೇ ಪೇಪರ್ ಮುದುರಿ ತುಂಬುತ್ತೇವೆ, ಅಲ್ಲಾಡಿಸಿದರೆ ಸದ್ದು ಬರಬಾರದು, ಅಷ್ಟೇ.

ಬೇಕಾದ ಎತ್ತರದ್ದು ಇಲ್ಲದಿದ್ದರೆ ನಾಲ್ಕು ಮೂಲೆ ಕೊಯ್ದು, ಸ್ಕೇಲ್ ಇಟ್ಟು ಗೀರಿ, ಮಡಚಿ ಬಾಕ್ಸನ್ನೇ ಗಿಡ್ಡ ಮಾಡಿಕೊಡುತ್ತಾರೆ. ಅದಕ್ಕೆ ದುಡ್ಡು ತಗೊಳ್ಳುವುದಿಲ್ಲ, ಅಂಗಡಿಯಲ್ಲಿ ರಶ್ ಇದ್ದರೆ ಮಾತ್ರ ಮಾಡುವುದಿಲ್ಲ.

ಬೇಜಾರಿನ ವಿಷಯಗಳೂ ಇವೆ. ಮಳೆಗಾಲದಲ್ಲಿ ಅವರು ಕಟ್ಟುಗಳನ್ನು ನೆಲದ ಮೇಲೇ ಇಟ್ಟಿರುತ್ತಾರೆ, ಕೆಳಗಿನವು ತೇವ ಎಳೆದುಕೊಂಡು ಮೆತ್ತಗಾಗಿರುತ್ತವೆ. ಒಂದು ಸಲ ಆರು ಬಾಕ್ಸ್ ಹಾಗೇ ಬಂದವು. ವಾಪಸ್ ಒಯ್ದಾಗ ಮಾತಾಡದೆ ಬದಲಿಸಿದರು, ಆದರೆ ಮಂಡಿಪೇಟೆಗೆ ಇನ್ನೊಂದು ಸಲ ಹೋಗಿ ಬರುವುದು ಸುಮ್ನೆ ಅಲ್ಲ. ಲಗೇಜ್ ಆಟೋಗಳ ಮಧ್ಯೆ ಸ್ಕೂಟರ್ ನಿಲ್ಲಿಸಲೂ ಜಾಗ ಇರುವುದಿಲ್ಲ, ಬೆಳಿಗ್ಗೆ ಹನ್ನೊಂದರೊಳಗೆ ಹೋಗುವುದು ವಾಸಿ. ಕೊಳ್ಳುವಾಗ ಕಟ್ಟಿನ ಕೆಳಗಿನ ಬಾಕ್ಸಿನ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಬಿಲ್ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಚೀಟಿ. ಅಂಗಡಿಯ ಟೇಪ್ ಮಾತ್ರ ತಗೋಬೇಡಿ, ಚಳಿಗೆ ಅಂಚು ಬಿಟ್ಟುಕೊಳ್ಳುತ್ತದೆ.

ಹೋಗುವಾಗ ನಿಮ್ಮ ಬಾಟಲಿಯನ್ನೂ ತಗೊಂಡು ಹೋಗಿ, ಮುಚ್ಚಳ ಹಾಕಿದ್ದನ್ನೇ. ಬಾಕ್ಸಿನ ಅಳತೆ ಒಳಗಿನದ್ದೋ ಹೊರಗಿನದ್ದೋ ಅಂತಲೂ ಕೇಳಿ. ನಾನು ಮುಚ್ಚಳ ಬಿಟ್ಟು ಅಳತೆ ಹೇಳಿ ತಂದ 25 ಬಾಕ್ಸ್ ಇನ್ನೂ ಅಟ್ಟದ ಮೇಲಿವೆ, ಬೇಕಿದ್ದರೆ ನನ್ನನ್ನೇ ಕೇಳಿ.